ಮಣ್ಣಿನಿಂದ ಎದ್ದ ನಾಣ್ಯವನ್ನು ಉಜ್ಜುವ ಮೊದಲು

ಪ್ರಶ್ನೆ: ಆರು ತಿಂಗಳಿಂದ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುತ್ತಿದ್ದೇನೆ. ಜಮೀನಿನವರ ಒಪ್ಪಿಗೆ ಪಡೆದೇ ಹುಡುಕಿದ್ದು. ಇದುವರೆಗೆ ಒಂಬತ್ತು ನಾಣ್ಯ ಸಿಕ್ಕಿವೆ. ಐದು ಹಸಿರು ಬಣ್ಣದವು. ಅವುಗಳಲ್ಲಿ ಒಂದರ ಮೇಲೆ ತಿಳಿ ಹಸಿರು ಪುಡಿ ಏಳುತ್ತದೆ, ಒರೆಸಿದರೂ ವಾರದಲ್ಲಿ ಮತ್ತೆ ಬರುತ್ತದೆ. ಒಂದು ತೆಳ್ಳಗೆ, ಕಪ್ಪಗಿದೆ, ಬೆಳ್ಳಿ ಇರಬಹುದೇನೋ. ಎರಡು ಒಂದಕ್ಕೊಂದು ಅಂಟಿಕೊಂಡಿವೆ. ಒಂಬತ್ತನೆಯದನ್ನು ನಿಂಬೆರಸ, ಉಪ್ಪು ಹಾಕಿ ಉಜ್ಜಿದೆ. ಪಳಪಳ ಹೊಳೆಯಿತು, ಆದರೆ ಗುಲಾಬಿ ಬಣ್ಣಕ್ಕೆ ತಿರುಗಿತು, ಮೊದಲು ಕಾಣುತ್ತಿದ್ದ ಅಕ್ಷರಗಳೂ ಮಾಯವಾದವು. ಗೆಳೆಯರಲ್ಲಿ ಒಬ್ಬ ವಿನೆಗರ್ ಅಂತಾನೆ, ಒಬ್ಬ ಆಲಿವ್ ಎಣ್ಣೆ ಅಂತಾನೆ, ಇನ್ನೊಬ್ಬ ಬ್ಯಾಟರಿ ಚಾರ್ಜರ್‌ನಿಂದ ಕರೆಂಟ್ ಹಾಯಿಸು ಅಂತಾನೆ. ಯಾರ ಮಾತು ಕೇಳಲಿ? ಇವು ಯಾವ ಕಾಲದವು ಅಂತ ತಿಳಿಯುವುದು ಹೇಗೆ? ಹಾಳಾದ ನಾಣ್ಯಕ್ಕೆ ಏನಾದರೂ ಮಾಡಬಹುದಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ಕಾಯುವಂಥದ್ದಲ್ಲ. ಉಪ್ಪು ಹಾಕಿ ಉಜ್ಜಿದ ಆ ನಾಣ್ಯವನ್ನು ಇವತ್ತೇ ಡಿಸ್ಟಿಲ್ಡ್ ವಾಟರ್‌ನಲ್ಲಿ ಮುಳುಗಿಸಿಡಿ. ನಲ್ಲಿ ನೀರು ಬೇಡ, ಅದರಲ್ಲೂ ಕ್ಲೋರೈಡ್, ಅಂದರೆ ಉಪ್ಪಿನಲ್ಲಿರುವ ಅಂಶ, ಇರುತ್ತದೆ. ದಿನಕ್ಕೊಮ್ಮೆ ನೀರು ಬದಲಿಸುತ್ತಾ ಎರಡು ವಾರ ಬಿಡಿ. ಹೋದ ಅಕ್ಷರ ವಾಪಸ್ ಬರುವುದಿಲ್ಲ, ಅದನ್ನು ನೇರವಾಗಿ ಹೇಳಿಬಿಡುತ್ತೇನೆ. ಆದರೆ ನೀವು ಹಾಕಿದ ಉಪ್ಪು ಲೋಹದ ಸಣ್ಣ ಸಣ್ಣ ತೂತುಗಳಲ್ಲಿ ಕೂತಿದೆ. ಅದನ್ನು ಹೊರಗೆ ತರದಿದ್ದರೆ ಉಳಿದ ತಾಮ್ರವನ್ನೂ ತಿನ್ನುತ್ತಾ ಹೋಗುತ್ತದೆ.

ಬೇಜಾರು ಮಾಡಿಕೊಳ್ಳಬೇಡಿ. ಈ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನಾನೂ ಇದನ್ನೇ ಮಾಡಿದ್ದೇನೆ. ಒಂದು ಹಸಿರು ತಾಮ್ರದ ನಾಣ್ಯ. ಒಂದು ಬದಿಯಲ್ಲಿ ಒಂದು ಮುಖ, ಅದರ ಮೂಗು, ಗಲ್ಲ, ತಲೆಯ ಹಿಂದಿನ ಗಂಟು ಎಲ್ಲ ಮಸುಕಾಗಿ ಕಾಣುತ್ತಿತ್ತು. ಇನ್ನೂ ಚೆನ್ನಾಗಿ ಕಾಣಲಿ ಅಂತ ಸಿಟ್ರಿಕ್ ಆಸಿಡ್ ಕಲಸಿದ ನೀರಿಗೆ ಹಾಕಿ ಊಟಕ್ಕೆ ಹೋದೆ. ಬಂದು ನೋಡಿದರೆ ನೀರು ನೀಲಿ ಹಸಿರಾಗಿದೆ, ತಳದಲ್ಲಿ ಕೆಂಪು ಕೆಸರು ಕೂತಿದೆ, ಮುಖ ಇಲ್ಲ. ಬರೀ ಗುಳಿಬಿದ್ದ ಒಂದು ಬಿಲ್ಲೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವ ಗಾದೆ ಆ ದಿನ ನನಗೇ ಮಾಡಿದಂತಿತ್ತು. ಆಮೇಲೆ ಗೊತ್ತಾಗಿದ್ದು, ಆ ಮುಖ ಇದ್ದದ್ದು ಲೋಹದಲ್ಲಿ ಅಲ್ಲ, ಕಿಲುಬಿನಲ್ಲಿ.

ಚಿತ್ರ ಇರುವುದು ಎಲ್ಲಿ?

ಈ ಒಂದು ವಿಷಯ ಅರ್ಥವಾದರೆ ಉಳಿದದ್ದೆಲ್ಲ ಸುಲಭ. ತಾಮ್ರದ ನಾಣ್ಯ ನೂರಾರು ವರ್ಷ ಮಣ್ಣಲ್ಲಿದ್ದಾಗ ಅದರ ಮೇಲ್ಪದರ ನಿಧಾನವಾಗಿ ಖನಿಜವಾಗಿ ಬದಲಾಗುತ್ತದೆ. ಲೋಹಕ್ಕೆ ಅಂಟಿಕೊಂಡು ಕೆಂಪು ಬಣ್ಣದ ಕುಪ್ರೈಟ್, ಅದರ ಮೇಲೆ ಹಸಿರು ಮ್ಯಾಲಕೈಟ್, ಅದರ ಮೇಲೆ ಮಣ್ಣು ಬೆರೆತ ಗಟ್ಟಿ ಪದರ. ಅಚ್ಚು ಹೊಡೆದಾಗ ಇದ್ದ ಮೂಲ ಮೈ ಈಗ ಈ ಖನಿಜ ಪದರಗಳ ನಡುವೆ ಎಲ್ಲೋ ಇರುತ್ತದೆ. ಅಂದರೆ ಲೋಹ ಒಳಗೆ ಸರಿದಿದೆ, ಆದರೆ ಅಕ್ಷರದ ಆಕಾರವನ್ನು ಕಿಲುಬು ಹಾಗೇ ಹಿಡಿದಿಟ್ಟುಕೊಂಡಿದೆ. ಗೋಡೆಯ ಸುಣ್ಣದ ಮೇಲೆ ಬರೆದ ಚಿತ್ರ ನೆನಪಿಸಿಕೊಳ್ಳಿ. ಸುಣ್ಣ ಕೆರೆದರೆ ಗೋಡೆ ಕ್ಲೀನಾಗುತ್ತದೆ, ಚಿತ್ರ ಹೋಗುತ್ತದೆ.

ಹುಳಿ ಯಾವುದೇ ಇರಲಿ, ನಿಂಬೆ, ವಿನೆಗರ್, ಕೋಲಾ, ಎಲ್ಲದರ ಕೆಲಸ ಒಂದೇ. ಅವು ಮಣ್ಣನ್ನು ಬಿಟ್ಟು ಕಿಲುಬನ್ನು ಕರಗಿಸುತ್ತವೆ. ಯಾವುದು ಹೋಗಬೇಕೋ ಅದು ಉಳಿಯುತ್ತದೆ, ಯಾವುದು ಉಳಿಯಬೇಕೋ ಅದು ಹೋಗುತ್ತದೆ. ನಿಮಗೆ ಕಂಡ ಗುಲಾಬಿ ಬಣ್ಣ ಹಸಿ ತಾಮ್ರದ ಬಣ್ಣ. ನಾಣ್ಯ ಹಿತ್ತಾಳೆಯದಾಗಿದ್ದರೆ ಇನ್ನೂ ಜಾಸ್ತಿ ಕಾಣುತ್ತದೆ. ಹುಳಿಗೆ ಸತು ಮೊದಲು ಕರಗಿ ಹೋಗುತ್ತದೆ, ತಾಮ್ರ ಉಳಿಯುತ್ತದೆ.

ಇನ್ನು ಹೊಳಪಿನ ಮಾತು. ಹೊಳೆದರೆ ಬೆಲೆ ಏರುತ್ತದೆ ಅನ್ನುವುದು ಈ ಹವ್ಯಾಸದ ಅತಿ ಹಳೆಯ ಮೂಢನಂಬಿಕೆ. ನಡೆಯುವುದು ಉಲ್ಟಾ. ನಾಣ್ಯದ ಗುಣಮಟ್ಟ ಅಳೆದು ಪ್ರಮಾಣಪತ್ರ ಕೊಡುವ ಸಂಸ್ಥೆಗಳು ಉಜ್ಜಿದ ನಾಣ್ಯಕ್ಕೆ ಪೂರ್ತಿ ದರ್ಜೆ ಕೊಡುವುದಿಲ್ಲ, ‘ತಪ್ಪಾಗಿ ಸ್ವಚ್ಛ ಮಾಡಿದ್ದು’ ಎಂದು ಲೇಬಲ್ ಮೇಲೇ ಬರೆಯುತ್ತವೆ. ಸಮವಾಗಿ, ನುಣುಪಾಗಿ ಕೂತ ಕಡುಹಸಿರು ಅಥವಾ ಕಂದು ಪದರಕ್ಕೆ ಸಂಗ್ರಾಹಕರು ಪಾಟಿನಾ ಅನ್ನುತ್ತಾರೆ. ಅದನ್ನೇ ಹುಡುಕಿಕೊಂಡು ಬರುವವರಿದ್ದಾರೆ. ನಿಮ್ಮ ಹಸಿರು ನಾಣ್ಯಗಳಲ್ಲಿ ಪುಡಿ ಏಳದ ನಾಲ್ಕು ಇಂಥವೇ ಆಗಿದ್ದರೆ ಅವಕ್ಕೆ ಏನೂ ಮಾಡದಿರುವುದೇ ಚಿಕಿತ್ಸೆ.

ಮೊದಲು ಗುರುತು ಹಿಡಿಯಿರಿ

ತೊಳೆದ ಮೇಲೆ ಗುರುತಿಸೋಣ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಹೇಳುವುದು ಗುರುತಿಸಿದ ಮೇಲೆ ತೊಳೆಯುವ ಯೋಚನೆ ಮಾಡಿ ಅಂತ. ಎಷ್ಟೋ ಸಲ ಗುರುತು ಸಿಕ್ಕ ಮೇಲೆ ತೊಳೆಯುವ ಅಗತ್ಯವೇ ಉಳಿಯುವುದಿಲ್ಲ.

ಒಂದು ಹಸಿರು ನಾಣ್ಯ ತೆಗೆದುಕೊಳ್ಳಿ. ರಾತ್ರಿ ಕೋಣೆಯ ದೀಪ ಆರಿಸಿ. ಒಂದು ಸಣ್ಣ ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ, ಬೆಳಕು ನಾಣ್ಯದ ಮೇಲೆ ಅಡ್ಡಡ್ಡ ಸವರಿಕೊಂಡು ಹೋಗುವಂತೆ ಹಿಡಿಯಿರಿ. ಈಗ ನಾಣ್ಯವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಹಗಲು ಬೆಳಕಲ್ಲಿ ಬರೀ ಒರಟು ಮೈ ಕಂಡಿದ್ದಲ್ಲಿ ಒಂದು ಕೋನಕ್ಕೆ ಬಂದಾಗ ಇದ್ದಕ್ಕಿದ್ದಂತೆ ಒಂದು ಗೀರು ಎದ್ದು ಕಾಣುತ್ತದೆ. ಅದರ ಪಕ್ಕ ಇನ್ನೊಂದು. ಇನ್ನೊಂದಿಷ್ಟು ತಿರುಗಿಸಿದರೆ ಆ ಗೀರು ಮಾಯವಾಗಿ ಬೇರೆಯದು ಏಳುತ್ತದೆ. ಪ್ರತಿ ಕೋನಕ್ಕೂ ಒಂದು ಫೋಟೋ ತೆಗೆಯಿರಿ, ಎಂಟು ಫೋಟೋ ಸಾಕು. ಇವನ್ನು ಒಟ್ಟಿಗೆ ಇಟ್ಟು ನೋಡಿದಾಗ ಅಕ್ಷರ ಜೋಡಣೆಯಾಗುತ್ತದೆ.

ಇನ್ನೊಂದು ಉಪಾಯ. ಪುಡಿ ಏಳದ ನಾಣ್ಯದ ಮೇಲೆ ಒಂದು ಹನಿ ಡಿಸ್ಟಿಲ್ಡ್ ವಾಟರ್ ಬಿಟ್ಟು ಅದು ಒಣಗುವುದನ್ನೇ ಭೂತಗನ್ನಡಿಯಲ್ಲಿ ನೋಡುತ್ತಾ ಕೂರಿ. ಒದ್ದೆಯಾದಾಗ ಬಣ್ಣಗಳ ವ್ಯತ್ಯಾಸ ಎದ್ದು ಕಾಣುತ್ತದೆ. ಉಬ್ಬಿದ ಜಾಗ ಮೊದಲು ಒಣಗುತ್ತದೆ, ತಗ್ಗಿನಲ್ಲಿ ನೀರು ಇನ್ನೂ ಕೆಲವು ಕ್ಷಣ ನಿಲ್ಲುತ್ತದೆ. ಆ ಕೆಲವು ಕ್ಷಣದಲ್ಲಿ ಒಂದು ಇಸವಿ ಪೂರ್ತಿ ಓದಿದ್ದೇನೆ.

ಆಮೇಲೆ ಅಳತೆ. 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ ಮತ್ತು ವರ್ನಿಯರ್ ಕ್ಯಾಲಿಪರ್, ಈ ಎರಡು ಇರಲೇಬೇಕು. ಕ್ಯಾಲಿಪರ್ ಪ್ಲಾಸ್ಟಿಕ್ಕಿನದಾದರೆ ಒಳ್ಳೆಯದು, ನಾಣ್ಯಕ್ಕೆ ಗೀರು ಬೀಳುವುದಿಲ್ಲ. ತೂಕಕ್ಕಿಂತ ಅಡ್ಡಳತೆಯನ್ನು ಜಾಸ್ತಿ ನಂಬಿ. ಕಿಲುಬು ಹಿಡಿದ ನಾಣ್ಯ ಮೂಲಕ್ಕಿಂತ ಹಗುರಾಗಿರಬಹುದು, ಮಣ್ಣು ಕಟ್ಟಿಕೊಂಡದ್ದು ಭಾರವೂ ಆಗಿರಬಹುದು. ಅಗಲ ಅಷ್ಟಾಗಿ ಬದಲಾಗುವುದಿಲ್ಲ.

ಅಂಚನ್ನು ಜನ ನೋಡುವುದೇ ಇಲ್ಲ. ನನಗೆ ಮಾತ್ರ ಮೊದಲು ಕಣ್ಣು ಹೋಗುವುದೇ ಅಲ್ಲಿಗೆ. ಒಂದೇ ಸಮನೆ ಗೀರುಗಳಿರುವ ಅಂಚು, ಪೂರ್ತಿ ದುಂಡಗಿನ ಆಕಾರ, ಎಲ್ಲ ಕಡೆ ಒಂದೇ ದಪ್ಪ, ಇಷ್ಟು ಇದ್ದರೆ ಅದು ಯಂತ್ರದಲ್ಲಿ ಒತ್ತಿದ ನಾಣ್ಯ. ಬೆಳ್ಳಿ, ಬಂಗಾರದ ಅಂಚನ್ನು ಕತ್ತರಿಸಿ ಕದಿಯುವವರನ್ನು ತಡೆಯಲೆಂದೇ ಆ ಗೀರುಗಳು ಬಂದದ್ದು. ಅಂಕುಡೊಂಕು ಅಂಚು, ಒಂದು ಕಡೆಗೆ ಸರಿದ ಚಿತ್ರ, ಅರ್ಧಕ್ಕೇ ತುಂಡಾದ ಅಕ್ಷರ ಇದ್ದರೆ ಸುತ್ತಿಗೆಯಲ್ಲಿ ಬಡಿದು ಅಚ್ಚು ಹಾಕಿದ್ದು. ಯುರೋಪಿನಲ್ಲಿ 16–17ನೇ ಶತಮಾನದಲ್ಲಿ ಯಂತ್ರಗಳು ಬಂದರೂ ಬೇರೆ ಹಲವು ಕಡೆ 19ನೇ ಶತಮಾನದವರೆಗೂ ಸುತ್ತಿಗೆಯೇ ನಡೆಯಿತು. ಹಾಗಾಗಿ ಸುತ್ತಿಗೆ ನಾಣ್ಯ ಅಂದಕೂಡಲೇ ಸಾವಿರ ವರ್ಷ ಹಳೆಯದು ಅಂತ ಕುಣಿದಾಡಬೇಡಿ. ಮಧ್ಯದಲ್ಲಿ ಚೌಕ ತೂತು ಇದ್ದು ಅಂಚಿನಲ್ಲಿ ಅರ ಹಾಕಿ ಉಜ್ಜಿದ ಗುರುತಿದ್ದರೆ ಅದು ಎರಕ ಹೊಯ್ದದ್ದು, ಚೀನಾದ ಹಳೆಯ ನಾಣ್ಯಗಳು ಹಾಗಿರುತ್ತವೆ.

ನಾಣ್ಯವನ್ನು ಮೇಲೆ, ಕೆಳಗೆ ಎರಡು ಬೆರಳಲ್ಲಿ ಹಿಡಿದು ಬುಗುರಿಯ ಹಾಗೆ ಅರ್ಧ ಸುತ್ತು ತಿರುಗಿಸಿ. ಹಿಂಬದಿಯ ಚಿತ್ರ ನೆಟ್ಟಗಿದೆಯಾ, ತಲೆಕೆಳಗಾಗಿದೆಯಾ, ಓರೆಯಾಗಿದೆಯಾ? ಎರಡು ಅಚ್ಚುಗಳನ್ನು ಹೇಗೆ ಜೋಡಿಸುತ್ತಿದ್ದರು ಅನ್ನುವುದು ಟಂಕಸಾಲೆಯಿಂದ ಟಂಕಸಾಲೆಗೆ ಬೇರೆ. ಅಕ್ಷರ ಪೂರ್ತಿ ಅಳಿಸಿಹೋದ ಸವಕಲು ನಾಣ್ಯದಲ್ಲೂ ಅಡ್ಡಳತೆ, ತೂಕ, ಈ ಜೋಡಣೆ ಮೂರೂ ಸೇರಿದರೆ ಸಾಧ್ಯತೆಗಳ ಪಟ್ಟಿ ಎಷ್ಟೋ ಚಿಕ್ಕದಾಗುತ್ತದೆ. ನ್ಯೂಮಿಸ್ಟಾದಂಥ ಆನ್‌ಲೈನ್ ಪಟ್ಟಿಗಳಲ್ಲಿ ಅಳತೆ ಕೊಟ್ಟು ಹುಡುಕಬಹುದು.

ಲೋಹ ಯಾವುದು ಅನ್ನುವ ಅನುಮಾನ ಇದ್ದರೆ ಆಸಿಡ್ ಪರೀಕ್ಷೆ ಬೇಡ. ನಿಮ್ಮ ಕಪ್ಪು ನಾಣ್ಯಕ್ಕೆ ಹೀಗೆ ಮಾಡಿ. ತಕ್ಕಡಿಯ ಮೇಲೆ ಡಿಸ್ಟಿಲ್ಡ್ ವಾಟರ್ ತುಂಬಿದ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ, ತಳಕ್ಕೂ ಗೋಡೆಗೂ ತಾಗಬಾರದು. ಈಗ ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ಒಣ ತೂಕವನ್ನು ಭಾಗಿಸಿ. ಒಣಗಿದಾಗ 3.15 ಗ್ರಾಂ, ನೀರಲ್ಲಿ 0.30 ಬಂದರೆ ಉತ್ತರ 10.5. ಅದು ಬೆಳ್ಳಿಯ ಸಾಂದ್ರತೆ. ತಾಮ್ರಕ್ಕೆ 8.9ರ ಆಸುಪಾಸು, ಸೀಸಕ್ಕೆ 11.3, ಬಂಗಾರಕ್ಕೆ 19.3. ಮಣ್ಣು, ಕಿಲುಬು ಮೆತ್ತಿಕೊಂಡಿದ್ದರೆ ಅಂಕಿ ಕಡಿಮೆ ಬರುತ್ತದೆ, ಯಾಕೆಂದರೆ ಅವು ಲೋಹಕ್ಕಿಂತ ಹಗುರ. ಇಷ್ಟು ಚಿಕ್ಕ ನಾಣ್ಯಕ್ಕೆ ಸ್ವಲ್ಪ ಏರುಪೇರು ಸಹಜ, ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಅಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ, ಉಕ್ಕು ಅಥವಾ ನಿಕ್ಕಲ್, ಅಂದರೆ ಬಹುಮಟ್ಟಿಗೆ ಇತ್ತೀಚಿನದು.

ಇಸವಿ ಓದಲು ಸಿಕ್ಕಿತು ಅಂತ ಖುಷಿಪಡುವ ಮೊದಲು ಒಂದು ಎಚ್ಚರಿಕೆ. ಅದು ಯಾವ ಪಂಚಾಂಗದ್ದು? 1200 ಎಂದು ಇದೆ ಅನ್ನಿ, ಅದು ಇಸ್ಲಾಮಿ ಪಂಚಾಂಗದ ಹಿಜರಿ ವರ್ಷವಾಗಿದ್ದರೆ ನಮ್ಮ ಲೆಕ್ಕದಲ್ಲಿ 1785–86. ಶಕ ವರ್ಷವಾದರೆ 78 ಕೂಡಿಸಬೇಕು. ಒಂದು ಪಂಚಾಂಗ ತಪ್ಪಿದರೆ ಸೀದಾ ಆರು ಶತಮಾನ ಎಡವಟ್ಟಾಗುತ್ತದೆ. ಇನ್ನೊಂದು ತಮಾಷೆ ಕೇಳಿ, ಆಸ್ಟ್ರಿಯಾದ ಮರಿಯಾ ತೆರೇಸಾ ಬೆಳ್ಳಿ ನಾಣ್ಯದ ಮೇಲೆ 1780 ಎಂದಿರುತ್ತದೆ. ಆಕೆ ತೀರಿಕೊಂಡ ವರ್ಷ ಅದು. ಅದೇ ಇಸವಿಯಲ್ಲೇ 20ನೇ ಶತಮಾನದವರೆಗೂ ಬೇರೆ ಬೇರೆ ಟಂಕಸಾಲೆಗಳು ಅದನ್ನು ಅಚ್ಚು ಹಾಕುತ್ತಲೇ ಇದ್ದವು, ವ್ಯಾಪಾರಿಗಳು ಬೇರೆಯದನ್ನು ಒಪ್ಪುತ್ತಿರಲಿಲ್ಲ ಅಷ್ಟೇ.

ಒಂಬತ್ತೂ ನಾಣ್ಯವೇ ಅಂತಲೂ ಅಂದುಕೊಳ್ಳಬೇಡಿ. ಅಂಗಿಯ ಗುಂಡಿ, ತೂಕದ ಬಟ್ಟು, ಟೋಕನ್, ಪದಕ ಎಲ್ಲವೂ ಮಣ್ಣಲ್ಲಿ ಒಂದೇ ಥರ ಹಸಿರಾಗುತ್ತವೆ. ಹಿಂಬದಿಯ ನಡುವೆ ಸಣ್ಣ ಮೊಳಕೆಯಂಥದ್ದು ಇದ್ದರೆ ಅದು ಗುಂಡಿಯ ಕೊಂಡಿ ಮುರಿದ ಜಾಗ.

ಪುಡಿ ಏಳುವ ನಾಣ್ಯ

ಒಂಬತ್ತರಲ್ಲಿ ನನಗೆ ಜಾಸ್ತಿ ಚಿಂತೆ ಇರುವುದು ಇದರ ಬಗ್ಗೆ. ನೀವು ಹೇಳಿದ ಲಕ್ಷಣ ನೋಡಿದರೆ ಇದು ಬ್ರಾಂಜ್ ಡಿಸೀಸ್, ಅಂದರೆ ಕಂಚಿನ ರೋಗ. ಹೆಸರು ಹಾಗಿದ್ದರೂ ಇದರಲ್ಲಿ ಕ್ರಿಮಿ ಗಿಮಿ ಏನೂ ಇಲ್ಲ. ಒಂದರಿಂದ ಇನ್ನೊಂದಕ್ಕೆ ಅಂಟುತ್ತದೆ ಅನ್ನುವುದೂ ಸುಳ್ಳು. ಆದರೆ ತೇವದ ಡಬ್ಬಿಯಲ್ಲಿ ಇಟ್ಟಿದ್ದರೆ ಒಳಗೆ ಉಪ್ಪು ಇರುವ ನಾಣ್ಯಗಳೆಲ್ಲ ಒಟ್ಟಿಗೇ ಶುರು ಹಚ್ಚಿಕೊಳ್ಳುತ್ತವೆ, ಅದಕ್ಕೇ ಅಂಟುರೋಗ ಅನ್ನಿಸುವುದು.

ಒಳಗೆ ನಡೆಯುವುದು ಇಷ್ಟು. ಮಣ್ಣಿನಲ್ಲಿದ್ದ ಉಪ್ಪಿನಂಶ ತಾಮ್ರದ ಜೊತೆ ಸೇರಿ ಕಿಲುಬಿನ ಅಡಿಯಲ್ಲಿ ಕ್ಯುಪ್ರಸ್ ಕ್ಲೋರೈಡ್ ಆಗಿ ಕೂತಿರುತ್ತದೆ. ಮಣ್ಣಲ್ಲಿ ಇರುವವರೆಗೆ ತೆಪ್ಪಗಿರುತ್ತದೆ. ಅಗೆದು ಹೊರತೆಗೆದಾಗ ಗಾಳಿ, ತೇವ ಎರಡೂ ಸಿಗುತ್ತವೆ. ಆಗ ಅದು ತಿಳಿ ಹಸಿರು ಪುಡಿಯಾಗಿ ಉಬ್ಬುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಆ ಆಮ್ಲ ಪಕ್ಕದ ತಾಮ್ರವನ್ನು ತಿಂದು ಮತ್ತೆ ಅದೇ ಕ್ಲೋರೈಡ್ ಮಾಡುತ್ತದೆ. ಮತ್ತೆ ತೇವ, ಮತ್ತೆ ಪುಡಿ, ಮತ್ತೆ ಆಮ್ಲ. ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಅದಕ್ಕೇ ನೀವು ಎಷ್ಟು ಒರೆಸಿದರೂ ವಾರದಲ್ಲಿ ವಾಪಸ್ ಬರುತ್ತಿರುವುದು.

ಒಳ್ಳೆಯ ಕಿಲುಬಿಗೂ ಕೆಟ್ಟ ಕಿಲುಬಿಗೂ ವ್ಯತ್ಯಾಸ ಕಷ್ಟವೇನಲ್ಲ. ಒಳ್ಳೆಯದು ಕಡು ಹಸಿರು, ಗಟ್ಟಿ, ಬೆರಳಿಗೆ ಬರುವುದಿಲ್ಲ. ಕೆಟ್ಟದ್ದು ತೀರ ತಿಳಿ ಹಸಿರು, ಚುಕ್ಕೆ ಚುಕ್ಕೆಯಾಗಿ ಏಳುತ್ತದೆ, ಬಿದಿರು ಕಡ್ಡಿಯ ತುದಿ ತಾಗಿಸಿದರೆ ಪುಡಿಪುಡಿಯಾಗಿ ಉದುರುತ್ತದೆ, ಅಡಿಯಲ್ಲಿ ಒಂದು ಗುಳಿ ಇರುತ್ತದೆ. ಉಳಿದ ನಾಲ್ಕರ ಬಗ್ಗೆಯೂ ಅನುಮಾನ ಇದ್ದರೆ ಒಂದೊಂದನ್ನೇ ಮುಚ್ಚಿದ ಡಬ್ಬಿಯಲ್ಲಿ ಒದ್ದೆ ಹತ್ತಿಯ ಜೊತೆ, ಹತ್ತಿ ತಾಗದಂತೆ, ಒಂದೆರಡು ದಿನ ಇಡಿ. ರೋಗ ಇದ್ದರೆ ಹೊಸ ಚುಕ್ಕೆ ಕಾಣಿಸಿಕೊಳ್ಳುತ್ತದೆ. ಈ ಪರೀಕ್ಷೆ ನಾಣ್ಯಕ್ಕೆ ಸ್ವಲ್ಪ ಪೆಟ್ಟೇ. ಆದರೆ ಗೊತ್ತಾಗದೆ ವರ್ಷಗಟ್ಟಲೆ ಬಿಡುವುದಕ್ಕಿಂತ ವಾಸಿ.

ಚಿಕಿತ್ಸೆಯಲ್ಲಿ ಅತಿ ಸುರಕ್ಷಿತವಾದದ್ದು ಬರೀ ಒಣಗಿಸುವುದು. ಸಿಲಿಕಾ ಜೆಲ್ ಇಟ್ಟ ಗಾಳಿಯಾಡದ ಡಬ್ಬಿ, ಒಳಗೆ ತೇವಾಂಶ ಶೇಕಡಾ 40ಕ್ಕಿಂತ ಕೆಳಗೆ. ಆಗ ಚಕ್ರ ನಿಲ್ಲುತ್ತದೆ. ರೋಗ ಹೋಗುವುದಿಲ್ಲ, ಮಲಗುತ್ತದೆ. ಜೆಲ್ ತೇವ ಕುಡಿದು ತುಂಬಿಕೊಂಡರೆ ಮತ್ತೆ ಏಳುತ್ತದೆ, ಹಾಗಾಗಿ ಡಬ್ಬಿಯಲ್ಲಿ ಸಣ್ಣ ತೇವಮಾಪಕ ಇರಲಿ.

ಎರಡನೆಯದು ತೊಳೆಯುವುದು. ಪುಡಿಯನ್ನು ಬಿದಿರು ಕಡ್ಡಿಯಿಂದ ಮೆಲ್ಲಗೆ ತೆಗೆದು, ಡಿಸ್ಟಿಲ್ಡ್ ವಾಟರ್‌ನಲ್ಲಿ ವಾರಗಟ್ಟಲೆ ನೆನೆಸಿ ಉಪ್ಪು ಹೊರತೆಗೆಯುವುದು. ಇದು ನಿಧಾನ, ಆಳದಲ್ಲಿ ಕೂತ ಕ್ಲೋರೈಡ್ ಪೂರ್ತಿ ಬರುವುದೂ ಇಲ್ಲ. ಕೆಲವರು ವಾಷಿಂಗ್ ಸೋಡಾ, ಅಡುಗೆ ಸೋಡಾ ಬೆರೆಸಿದ ನೀರಲ್ಲಿ ಇಡುತ್ತಾರೆ. ಸಂರಕ್ಷಣಾ ಪ್ರಯೋಗಾಲಯಗಳಲ್ಲೂ ಇದಕ್ಕೆ ಹತ್ತಿರದ ಸೆಸ್ಕ್ವಿಕಾರ್ಬೊನೇಟ್ ದ್ರಾವಣ ಬಳಸಿದ್ದುಂಟು. ಇದು ಕ್ಲೋರೈಡನ್ನು ಹೊರಗೆಳೆಯುತ್ತದೆ ನಿಜ, ಆದರೆ ತಿಂಗಳುಗಳು ಬೇಕು, ಕೆಲವೊಮ್ಮೆ ಪಾಟಿನಾದ ಬಣ್ಣ ನೀಲಿಗೆ ತಿರುಗುತ್ತದೆ.

ಮೂರನೆಯದು ಬೆಂಜೋಟ್ರೈಅಜೋಲ್, ಬಾಯಲ್ಲಿ ಬಿಟಿಎ. ತಾಮ್ರದ ಮೇಲೆ ತೆಳು ಕವಚ ಕಟ್ಟಿ ಚಕ್ರವನ್ನು ತಡೆಯುತ್ತದೆ. ವೃತ್ತಿಯವರು ಇದನ್ನು ಸಾಮಾನ್ಯವಾಗಿ ಶೇಕಡಾ 3ರಂತೆ ಆಲ್ಕೋಹಾಲ್‌ನಲ್ಲಿ ಕರಗಿಸಿ ಬಳಸುತ್ತಾರೆ. ಇದು ವಿಷ, ಚರ್ಮಕ್ಕೂ ಉಸಿರಿಗೂ ಒಳ್ಳೆಯದಲ್ಲ. ಕೈಗವಸು, ಗಾಳಿ ಹೊರಹಾಕುವ ವ್ಯವಸ್ಥೆ ಇಲ್ಲದೆ ಅಡುಗೆಮನೆ ಕಟ್ಟೆಯ ಮೇಲೆ ಮಾಡುವ ಕೆಲಸವಲ್ಲ. ನಾಣ್ಯ ಅಪರೂಪದ್ದು ಅನ್ನಿಸಿದರೆ ಒಣ ಡಬ್ಬಿಯಲ್ಲಿಟ್ಟು ಲೋಹ ಸಂರಕ್ಷಕರ ಹತ್ತಿರ ಕೊಂಡುಹೋಗಿ.

ಕಪ್ಪು ನಾಣ್ಯ, ಅಂಟಿದ ಜೋಡಿ

ಬೆಳ್ಳಿ ನಾಣ್ಯಕ್ಕೆ ಮೊದಲ ಮಾತು: ಬಗ್ಗಿದ್ದರೆ ನೆಟ್ಟಗೆ ಮಾಡಲು ಹೋಗಬೇಡಿ. ಹಳೆಯ ಬೆಳ್ಳಿ ಮಣ್ಣಲ್ಲಿದ್ದು ಒಳಗೊಳಗೇ ಪೆಡಸಾಗಿರುತ್ತದೆ, ಹಪ್ಪಳದಂತೆ ಪಟಕ್ಕನೆ ಮುರಿಯುತ್ತದೆ.

ಕಪ್ಪು ಸಾಮಾನ್ಯವಾಗಿ ಬೆಳ್ಳಿಯ ಸಲ್ಫೈಡ್. ತೆಳುವಾಗಿ, ಸಮನಾಗಿ ಇದ್ದರೆ ಬಿಟ್ಟುಬಿಡಿ, ಅಕ್ಷರದ ಹಿನ್ನೆಲೆಗೆ ಅದು ಚೆನ್ನಾಗಿಯೇ ಕಾಣುತ್ತದೆ. ತೆಗೆಯಲೇಬೇಕು ಅಂದರೆ ಅಲ್ಯೂಮಿನಿಯಂ ಫಾಯಿಲ್ ಹಾಸಿದ ಪಾತ್ರೆಯಲ್ಲಿ ಬಿಸಿನೀರು, ಅಡುಗೆ ಸೋಡಾ ಹಾಕಿ, ನಾಣ್ಯ ಫಾಯಿಲ್‌ಗೆ ತಾಗುವಂತೆ ಅರ್ಧ ನಿಮಿಷ ಇಡುವುದು ಒಂದು ದಾರಿ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಗಾಬರಿ ಬೇಡ, ಗಂಧಕ ಬೆಳ್ಳಿಯನ್ನು ಬಿಟ್ಟು ಹೋಗುತ್ತಿದೆ ಅಂತ ಅರ್ಥ. ಕಿಟಕಿ ತೆರೆದಿಡಿ. ಅಪಾಯ ಏನೆಂದರೆ ಮೈ ಬೂದು ಬಣ್ಣಕ್ಕೆ ತಿರುಗಿ ಜೀವ ಕಳೆದುಕೊಂಡಂತೆ ಕಾಣಬಹುದು, ಬಿರುಕಿದ್ದರೆ ಅದು ಬಾಯಿ ಬಿಡಬಹುದು. ತಾಮ್ರದ ಮೇಲೆ ಬೆಳ್ಳಿ ತಗಡು ಹೊದಿಸಿದ ಹಳೆಯ ಖೋಟಾ ನಾಣ್ಯಗಳೂ ಇವೆ. ಅವನ್ನು ದ್ರಾವಣದಲ್ಲಿ ಹಾಕಿದರೆ ಹೊದಿಕೆ ಸುಲಿದು ಬರಬಹುದು. ಸಾಂದ್ರತೆ 9ರ ಹತ್ತಿರ ಬಂದು ಮೈ ಬೆಳ್ಳಿಯಂತೆ ಕಂಡರೆ ಈ ಅನುಮಾನ ಇರಲಿ.

ಕಪ್ಪಿನ ಬದಲು ಮೇಣದಂಥ, ಬೂದು ನೇರಳೆ ಛಾಯೆಯ ದಪ್ಪ ಪದರ ಇದ್ದರೆ ಅದು ಬೆಳ್ಳಿಯ ಕ್ಲೋರೈಡ್. ಅದಕ್ಕೆ ಫಾಯಿಲ್ ಉಪಾಯ ಹಿಡಿಸುವುದಿಲ್ಲ. ಅಮೋನಿಯಾ ಅದನ್ನು ಕರಗಿಸುತ್ತದೆ ಅಂತ ಯಾರಾದರೂ ಹೇಳಿಯಾರು. ಕರಗಿಸುತ್ತದೆ ನಿಜ, ಅದರೊಳಗೆ ಉಳಿದ ಅಕ್ಷರವನ್ನೂ ಸೇರಿಸಿ. ಅಮೋನಿಯಾ ಮುಟ್ಟಿದ ಕೈಯಲ್ಲಿ ಬ್ಲೀಚ್ ಮುಟ್ಟಬೇಡಿ, ಎರಡೂ ಸೇರಿದರೆ ವಿಷಾನಿಲ.

ಅಂಟಿಕೊಂಡ ಜೋಡಿಯನ್ನು ಬಿಡಿಸಬೇಡಿ. ಎರಡು ನಾಣ್ಯ ಒಟ್ಟಿಗೆ ಕಿಲುಬು ಹಿಡಿದಿವೆ ಅಂದರೆ ಅವು ಒಟ್ಟಿಗೇ ಮಣ್ಣಿಗೆ ಹೋಗಿವೆ. ಒಂದು ಚೀಲ, ಒಂದು ಗಂಟು, ಒಂದು ಕುಡಿಕೆ ಇದ್ದಿರಬಹುದು. ತಾಮ್ರದ ಲವಣಕ್ಕೆ ಸೂಕ್ಷ್ಮಜೀವಿಗಳು ಬದುಕುವುದಿಲ್ಲ, ಹಾಗಾಗಿ ಅದರ ಪಕ್ಕದಲ್ಲಿದ್ದ ಬಟ್ಟೆಯ ಎಳೆ, ತೊಗಲಿನ ಚೂರು ಕೊಳೆಯದೆ ಉಳಿದಿರುತ್ತವೆ. ಭೂತಗನ್ನಡಿಯಲ್ಲಿ ಆ ಕಿಲುಬಿನ ಮೇಲೆ ಹಾಸು ಹೊಕ್ಕು ನೇಯ್ಗೆಯ ಗುರುತೇನಾದರೂ ಕಂಡರೆ ಆ ಬಟ್ಟೆ ನಾಣ್ಯಕ್ಕಿಂತ ದೊಡ್ಡ ಸಂಗತಿ. ಒಂದು ಬ್ರಷ್ ಸಾಕು ಅದನ್ನು ಅಳಿಸಿಹಾಕಲು.

ಇದೇ ಕಾರಣಕ್ಕೆ ಆ ಜಾಗದಲ್ಲಿ ಇನ್ನು ಮುಂದೆ ನೀವೇ ಅಗೆಯಬೇಡಿ. ಸ್ಥಳ ಗುರುತು ಮಾಡಿ, ಎಷ್ಟು ಆಳ ಅಂತ ಬರೆದಿಡಿ, ಪುರಾತತ್ವದವರಿಗೆ ತಿಳಿಸಿ. ಜಮೀನಿನವರ ಒಪ್ಪಿಗೆ ಇದ್ದರೆ ಸಾಕು ಅನ್ನುವುದೂ ಒಂದು ತಪ್ಪು ಕಲ್ಪನೆ. ಮಣ್ಣಲ್ಲಿ ಸಿಕ್ಕ ನಿಧಿಯ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಕೆಲವು ಕಡೆ ಡಿಟೆಕ್ಟರ್ ಬಳಸಲೇ ಪರವಾನಗಿ ಬೇಕು. ಇಂಗ್ಲೆಂಡಿನಲ್ಲಿ 1996ರ ಕಾಯ್ದೆ ಪ್ರಕಾರ ನಿಧಿ ಅನ್ನಿಸಿದ್ದನ್ನು 14 ದಿನದೊಳಗೆ ತಿಳಿಸಬೇಕು. ಭಾರತದಲ್ಲಿ 1878ರ ನಿಧಿ ಕಾಯ್ದೆ ಇದೆ. ನೀವಿರುವಲ್ಲಿ ಏನಿದೆ ಅಂತ ವಿಚಾರಿಸಿಕೊಳ್ಳಿ, ಅದಾಗುವವರೆಗೆ ಮಾರುವುದು, ಹಂಚುವುದು ಬೇಡ.

ಗೆಳೆಯರ ಸಲಹೆಗಳು

ವಿನೆಗರ್ ಬಗ್ಗೆ ಆಗಲೇ ಹೇಳಿದೆ. ಆಲಿವ್ ಎಣ್ಣೆಯ ಗೆಳೆಯ ಸ್ವಲ್ಪ ಮೃದು ಮನುಷ್ಯ. ಎಣ್ಣೆಯಲ್ಲಿಟ್ಟರೆ ಮಣ್ಣು ಮೆತ್ತಗಾಗುತ್ತದೆ ನಿಜ. ಆದರೆ ಎಣ್ಣೆಯಲ್ಲೂ ಸಣ್ಣ ಪ್ರಮಾಣದ ಆಮ್ಲ ಇದೆ, ತಿಂಗಳುಗಟ್ಟಲೆ ಬಿಟ್ಟರೆ ಅದೂ ಪಾಟಿನಾವನ್ನು ನೆಕ್ಕುತ್ತದೆ, ನಾಣ್ಯವನ್ನು ಕಪ್ಪಾಗಿಸುತ್ತದೆ. ಒಳಗಿಳಿದ ಜಿಡ್ಡನ್ನು ಆಮೇಲೆ ತೆಗೆಯುವುದು ಇನ್ನೊಂದು ಗೋಳು. ಡಿಸ್ಟಿಲ್ಡ್ ವಾಟರ್ ಅದೇ ಕೆಲಸವನ್ನು ಈ ರಗಳೆ ಇಲ್ಲದೆ ಮಾಡುತ್ತದೆ.

ಚಾರ್ಜರ್ ಗೆಳೆಯನಿಂದ ದೂರ ಇರಿ. ಕರೆಂಟ್ ಹಾಯಿಸಿದರೆ ಕಿಲುಬು ಪೂರ್ತಿ ಕಿತ್ತುಬರುತ್ತದೆ, ಒಳಗಿನ ಗುಳಿಬಿದ್ದ ಲೋಹ ಮಾತ್ರ ಉಳಿಯುತ್ತದೆ. ಅದರ ಜೊತೆ ಬೆಂಕಿ ಹತ್ತುವ ಹೈಡ್ರೋಜನ್ ಏಳುತ್ತದೆ. ಉಪ್ಪು ನೀರು ಬಳಸಿದರೆ ಕ್ಲೋರಿನ್ ಅನಿಲ. ಇನ್ನೊಂದು ತುದಿಗೆ ಸ್ಟೀಲ್ ಚಮಚ ಕಟ್ಟಿದರೆ ಕ್ರೋಮಿಯಂ ವಿಷ ನೀರಿಗೆ ಇಳಿಯುತ್ತದೆ. ಟೂತ್‌ಪೇಸ್ಟ್, ಪಾತ್ರೆ ಉಜ್ಜುವ ಪುಡಿ, ತಂತಿಯ ಬ್ರಷ್ ಇವೆಲ್ಲ ನೇರವಾಗಿ ಗೀರುತ್ತವೆ, ಅದಕ್ಕೆ ವಿವರಣೆ ಬೇಕಿಲ್ಲ ಅಲ್ವಾ.

ಹಾಗಾದರೆ ಮಾಡಬಹುದಾದದ್ದು ಏನು? ಪುಡಿ ಏಳದ ನಾಲ್ಕರಲ್ಲಿ ಅತಿ ಕಡಿಮೆ ಮುಖ್ಯ ಅನ್ನಿಸಿದ್ದನ್ನು ಆರಿಸಿ. ಒಂದು ದಿನ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯ ಕೆಳಗೆ, ಮೊನೆ ಮಾಡಿದ ಬಿದಿರು ಕಡ್ಡಿ ಅಥವಾ ಗುಲಾಬಿ ಮುಳ್ಳು ಹಿಡಿದು, ಚಪ್ಪಟೆಯಾಗಿ, ಬಹುತೇಕ ಮಲಗಿಸಿದಂತೆ ಇಟ್ಟು ಮಣ್ಣಿನ ಅಂಚನ್ನು ಮೀಟಿ. ಕುತ್ತಬೇಡಿ, ಮೀಟಿ. ಒಳ್ಳೆಯ ಪಾಟಿನಾದ ಮೇಲೆ ಕೂತ ಮಣ್ಣು ಸಣ್ಣ ಚಕ್ಕೆಯಾಗಿ ಟಕ್ಕನೆ ಏಳುತ್ತದೆ, ಅಡಿಯಲ್ಲಿ ನುಣುಪಾದ ಹಸಿರು ಮೈ ಕಾಣುತ್ತದೆ. ಚಕ್ಕೆಯ ಜೊತೆ ಕೆಂಪು ಬಣ್ಣ ಕಂಡರೆ ಅಲ್ಲೇ ನಿಲ್ಲಿಸಿ, ನೀವು ಮೂಲ ಮೈಯನ್ನು ದಾಟಿ ಕೆಳಗಿಳಿದಿದ್ದೀರಿ. ನಾನು ಒಂದು ಸಲಕ್ಕೆ ಒಂದೇ ಅಕ್ಷರ ಬಿಡಿಸುತ್ತೇನೆ. ಒಂದು ನಾಣ್ಯಕ್ಕೆ ವಾರ ಹಿಡಿದದ್ದೂ ಇದೆ.

ಮುಗಿದ ಮೇಲೆ ಅಸಿಟೋನ್‌ನಲ್ಲಿ ಅದ್ದಿ ತೆಗೆದರೆ ಒಳಗಿನ ನೀರು ಆರುತ್ತದೆ, ಬೆಂಕಿಯಿಂದ ದೂರ ಇಟ್ಟುಕೊಳ್ಳಿ. ಇಡುವುದಕ್ಕೆ ಮೆತ್ತನೆಯ ಪಿವಿಸಿ ಪೌಚ್ ಬೇಡ. ಅದು ವರ್ಷ ಕಳೆದಂತೆ ಆಮ್ಲ ಬಿಟ್ಟು ನಾಣ್ಯಕ್ಕೆ ಹಸಿರು ಲೋಳೆ ಅಂಟಿಸುತ್ತದೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಇರಲಿ. ರಬ್ಬರ್ ಬ್ಯಾಂಡ್ ಸುತ್ತಬೇಡಿ, ಅದರ ಗಂಧಕ ಬೆಳ್ಳಿಗೆ ಆಗದು. ಪ್ರತಿಯೊಂದರ ಜೊತೆ ಸಿಕ್ಕ ಜಾಗ, ದಿನ, ಆಳ ಬರೆದ ಚೀಟಿ ಇಡಿ.

ಒಂಬತ್ತನೆಯದನ್ನು ಎಸೆಯಬೇಡಿ. ಎರಡು ವಾರದ ನೆನೆಸು ಮುಗಿದ ಮೇಲೆ ಒಣಗಿಸಿ, ಸಿಲಿಕಾ ಜೆಲ್ ಡಬ್ಬಿಗೆ ಹಾಕುವ ಮೊದಲು ಅದನ್ನೂ ತೂಗಿ, ಅಳೆಯಿರಿ, ಅಂಚನ್ನು ಟಾರ್ಚಿನಲ್ಲಿ ನೋಡಿ. ಉಜ್ಜುವವರು ಮುಖ ಉಜ್ಜುತ್ತಾರೆ, ಅಂಚು ಎಷ್ಟೋ ಸಲ ಉಳಿದಿರುತ್ತದೆ. ಉಜ್ಜುವ ಮೊದಲು ನಿಮಗೆ ಕಂಡಿದ್ದ ಅಕ್ಷರಗಳು ನೆನಪಿದ್ದರೆ ಈಗಲೇ ಕಾಗದದ ಮೇಲೆ ಗೀಚಿಡಿ. ಸರಿಯೋ ತಪ್ಪೋ, ಕಂಡ ಹಾಗೇ. ಆ ಗೀಚು ಮತ್ತು ಅಂಚಿನ ಫೋಟೋ ಎರಡನ್ನೂ ಕಳಿಸಿಕೊಡಿ, ನೋಡೋಣ.